ಕೋಳಿಗೂಡಿಗೆ ಸಲಿಕೆ ಏಕೆ?

ಪ್ರಿಯ ಶ್ರೀಪತಿ,

ನಿನಗೊಬ್ಬನಿಗೇ ಬರೆದರೆ ನೀನು ಉತ್ತರಿಸುವವನಲ್ಲ. ನಾಲ್ಕು ಜನರೆದುರು ಬರೆದರೆ ಮರ್ಯಾದೆಗಾದರೂ ಉತ್ತರಿಸುತ್ತೀಯ, ಹಾಗಾಗಿ ಇದು ಬಹಿರಂಗ ಪತ್ರ. ಹೆದರಬೇಡ, ತಾಳಗುಪ್ಪ ರೈಲಿನ ಛತ್ರಿಯ ವಿಷಯ ಎತ್ತುವುದಿಲ್ಲ.

ಮಗಳು ಪದವಿಗೆ ಮನೋವಿಜ್ಞಾನ ತೆಗೆದುಕೊಂಡಿದ್ದಾಳೆ. ಅವಳ ಪಠ್ಯವನ್ನು ಅವಳಿಗಿಂತ ಹೆಚ್ಚಾಗಿ ಓದುತ್ತಿರುವವನು ನಾನು. ನರಕೋಶ, ಡೋಪಮೈನ್ ಎಲ್ಲ ಸಲೀಸಾಗಿ ದಾಟಿದೆ. ಒಂದು ಪ್ರಯೋಗದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ.

ಮೆದುಳಿನ ಎಡ, ಬಲ ಅರ್ಧಗೋಳಗಳನ್ನು ಸುಮಾರು 20 ಕೋಟಿ ನರತಂತುಗಳ ಕಟ್ಟೊಂದು ಜೋಡಿಸುತ್ತದೆ. ಅದರ ಹೆಸರು ಕಾರ್ಪಸ್ ಕಲೋಸಮ್. ಔಷಧಕ್ಕೆ ಬಗ್ಗದ ಮೂರ್ಛೆರೋಗ ಅತ್ತಿಂದಿತ್ತ ಹಬ್ಬದಿರಲೆಂದು ಕೆಲವರಿಗೆ ಅದನ್ನು ಕತ್ತರಿಸಿದರು. ಆಮೇಲೂ ಅವರು ನಮ್ಮ ನಿಮ್ಮಂತೆಯೇ ಮಾತನಾಡಿಕೊಂಡು, ನಗುತ್ತಾ ಇದ್ದರು. ಒಳಗೆ ಏನಾಗಿದೆ ಎಂಬುದನ್ನು ತೋರಿಸಿಕೊಟ್ಟದ್ದು ಕ್ಯಾಲಿಫೋರ್ನಿಯಾದ ರೋಜರ್ ಸ್ಪೆರ್ರಿಯ ತಂಡ. ಅದಕ್ಕಾಗಿ 1981ರ ನೊಬೆಲ್‌ನಲ್ಲಿ ಸ್ಪೆರ್ರಿಗೆ ಅರ್ಧ ಪಾಲು ಸಿಕ್ಕಿತು. (ಅರ್ಧವೇ. ನೊಬೆಲ್ ಸಮಿತಿಗೂ ಹಾಸ್ಯಪ್ರಜ್ಞೆ ಇರಬೇಕು.)

ಸ್ಪೆರ್ರಿಯ ಶಿಷ್ಯ ಮೈಕೆಲ್ ಗಜ್ಜಾನಿಗ 1970ರ ದಶಕದಲ್ಲಿ ಜೋಸೆಫ್ ಲೆಡೂ ಜೊತೆ ಸೇರಿ ಇಂಥ ಒಬ್ಬ ಹುಡುಗನನ್ನು ಪರೀಕ್ಷಿಸಿದರು. ದಾಖಲೆಯಲ್ಲಿ ಅವನು ಬರೀ ಪಿ.ಎಸ್. ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಿದ್ದ ಅವನಿಗೆ ಕ್ಷಣಮಾತ್ರ ಎರಡು ಚಿತ್ರ ತೋರಿಸಿದರು. ಬಲಗಡೆ ಕೋಳಿಯ ಕಾಲು. ಅದು ಮಾತು ಬಲ್ಲ ಎಡಮೆದುಳಿಗೆ ತಲುಪಿತು. ಎಡಗಡೆ ಹಿಮ ಬಿದ್ದ ಮನೆಯಂಗಳ. ಅದು ಮಾತು ಬಾರದ ಬಲಮೆದುಳಿಗೆ. ಹೊಂದುವ ಚಿತ್ರ ಆರಿಸು ಎಂದಾಗ ಎಡಮೆದುಳಿನ ಹಿಡಿತದ ಬಲಗೈ ಕೋಳಿಯನ್ನು ತೋರಿಸಿತು, ಬಲಮೆದುಳಿನ ಹಿಡಿತದ ಎಡಗೈ ಹಿಮ ಎತ್ತುವ ಸಲಿಕೆಯನ್ನು. ಸಲಿಕೆ ಏಕೆ ಎಂದು ಕೇಳಿದರು. ಮಾತನಾಡುವ ಅರ್ಧಕ್ಕೆ ಹಿಮ ಕಂಡೇ ಇಲ್ಲ. ಆದರೂ ಹುಡುಗ ತಡವರಿಸಲಿಲ್ಲ: ಕೋಳಿಗೂಡು ಗುಡಿಸಲು ಸಲಿಕೆ ಬೇಕಲ್ಲ!

ಅವನು ಸುಳ್ಳು ಹೇಳುತ್ತಿರಲಿಲ್ಲ, ನಂಬಿಯೇ ಹೇಳಿದ್ದ. ಹೀಗೆ ಕಾರಣ ಹೊಸೆಯುವ ಭಾಗವನ್ನು ಗಜ್ಜಾನಿಗ ವ್ಯಾಖ್ಯಾನಕಾರ ಎಂದು ಕರೆದರು. ನನಗೆ ಅವನು ಸರ್ಕಾರದ ವಕ್ತಾರನಂತೆ ಕಾಣುತ್ತಾನೆ. ಸಂಪುಟ ಸಭೆಗೆ ಅವನನ್ನು ಯಾರೂ ಕರೆದಿರುವುದಿಲ್ಲ, ಪತ್ರಿಕಾಗೋಷ್ಠಿ ಮಾತ್ರ ಅವನದೇ. ಬಲಮೆದುಳಿನವರು ಕಲಾವಿದರು, ಎಡಮೆದುಳಿನವರು ಲೆಕ್ಕಿಗರು ಎಂದು ಶಿಬಿರ ನಡೆಸಿ ದುಡ್ಡು ಮಾಡುವವರು ಈ ಹುಡುಗನ ಕಥೆಯನ್ನು ಹೇಳುವುದೇ ಇಲ್ಲ, ಗಮನಿಸಿದ್ದೀಯಾ?

ಅಡಿಕೆ ತೋಟ ಏಕೆ ಮಾರಿದೆ ಎಂದು ಯಾರೇ ಕೇಳಲಿ, ನನ್ನ ಉತ್ತರವೂ ತಡವರಿಸುವುದಿಲ್ಲ: ಕೊಳೆರೋಗ, ಮರ ಹತ್ತಿ ಕೊಯ್ಯುವ ಕೊನೆಗಾರರು ಸಿಗುವುದಿಲ್ಲ, ಮಗಳ ಓದು. ನಿನ್ನೆದುರೂ ಇದನ್ನೇ ಒಪ್ಪಿಸಿದ್ದೇನೆ, ನೀನು ತಲೆಯಾಡಿಸಿದ್ದೀಯ. ಆದರೆ ಶ್ರೀಪತಿ, ಆ ವರ್ಷ ನಮ್ಮ ತೋಟಕ್ಕೆ ಕೊಳೆ ಬಂದೇ ಇರಲಿಲ್ಲ. ಹೋಗುವ ಮುಂಚೆ ಅಪ್ಪ ಹೊಡೆಸಿದ್ದ ಬೋರ್ಡೋ ದ್ರಾವಣ ಕೆಲಸ ಮಾಡಿತ್ತು, ಕೊನೆಗಳು ತುಂಬಿಕೊಂಡಿದ್ದವು. ಮೈಲುತುತ್ತಿನ ನೀಲಿ ಕಲೆ ಹಿಡಿದ ಅಪ್ಪನ ಅಂಗಿ ಕೊಟ್ಟಿಗೆಯ ಗಳುವಿನಲ್ಲಿ ಹಾಗೇ ನೇತಾಡುತ್ತಿತ್ತು. ಒಂದು ತೋಳು ಒಳಮಗುಚಿ, ಜೇಬಿನಲ್ಲಿ ಅರ್ಧ ಕವಳದ ಸಂಚಿ. ಅದನ್ನು ನೋಡಿದ ಮೇಲೆ ದಲ್ಲಾಳಿಗೆ ಫೋನ್ ಮಾಡಿದೆನೋ, ಮೊದಲೇ ಮಾಡಿದ್ದೆನೋ, ಹೇಳಲಾರೆ. ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ.

ಇಷ್ಟು ಬರೆಯುವ ಇರಾದೆ ಇರಲಿಲ್ಲ. ಮಗಳಿಗೆ ಓದಿ ಹೇಳಿದೆ. ನಿನ್ನ ಮೆದುಳಿನ ಕಟ್ಟನ್ನು ಯಾರೂ ಕತ್ತರಿಸಿಲ್ಲ, ಒಬ್ಬ ಹುಡುಗನ ಪ್ರಯೋಗವನ್ನು ತಂದು ನಿನ್ನ ಅಡಿಕೆ ತೋಟಕ್ಕೆ ಗಂಟುಹಾಕಬೇಡ ಎಂದು ಗದರಿದಳು. ಮೇಲಿನ ಅಂಗಿಯ ಕಥೆಯೂ ವಕ್ತಾರನ ಹೊಸ ಹೇಳಿಕೆಯೇ ಇರಬಹುದು ಎಂದಳು. ಫೀಸು ಕಟ್ಟಿದವನು ನಾನು, ಬೈಸಿಕೊಳ್ಳುವವನೂ ನಾನು.

ಅತ್ತಿಗೆಗೆ ನಮಸ್ಕಾರ ತಿಳಿಸು. ಅಪ್ಪೆಮಿಡಿ ಉಪ್ಪಿನಕಾಯಿ ನನ್ನ ಯಾವ ಅರ್ಧಗೋಳಕ್ಕೆ ಎಂದು ಕೇಳಿದರೆ ಎರಡಕ್ಕೂ ಬೇರೆ ಬೇರೆ ಎನ್ನು. ಎರಡು ಭರಣಿ ಬಂದಾವು.

ನಿನ್ನ,
ಛತ್ರಿ