ಮಂಗ ಸತ್ತ ಸುದ್ದಿ ಎಲ್ಲಿ ತಡವಾಗುತ್ತದೆ?

ಮಾನ್ಯರೆ,

ಅಡಿಕೆ ಕೊಯ್ಲಿನ ಜೊತೆಜೊತೆಗೇ ಮಲೆನಾಡಿಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ (ಕೆಎಫ್‌ಡಿ) ಕಾಲವೂ ಬರುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಈ ರೋಗ ಪತ್ತೆಯಾದದ್ದೇ ಮಂಗಗಳ ಸಾವಿನ ಜಾಡು ಹಿಡಿದು. ಅದಕ್ಕಿಂತ ಮುಂಚಿನ ಮುನ್ಸೂಚನೆ ಇವತ್ತಿಗೂ ಊರಿನವರ ಕೈಯಲ್ಲಿಲ್ಲ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತ ಮೇಲಂತೂ ಆ ಸುದ್ದಿ ಬೇಗ ಮುಟ್ಟುವುದು ಇನ್ನೂ ಮುಖ್ಯ.

ಈಗ ಆಗುತ್ತಿರುವುದೇನು? ಸೊಪ್ಪಿನ ಬೆಟ್ಟದಲ್ಲಿ ಮುಸುವ ಸತ್ತು ಬಿದ್ದದ್ದು ಎಷ್ಟೋ ಸಲ ಗೊತ್ತಾಗುವುದೇ ವಾಸನೆ ಬಂದ ಮೇಲೆ. ಕಂಡವರು ಅರಣ್ಯದವರಿಗೆ ಹೇಳುತ್ತಾರೆ, ಅವರು ಪಶುವೈದ್ಯರಿಗೆ ಹೇಳುತ್ತಾರೆ, ಪಶುವೈದ್ಯರು ಮಾದರಿ ತೆಗೆಯಲು ಪಿಪಿಇ ಕಿಟ್, ಐಸ್ ಬಾಕ್ಸ್ ಬರಲೆಂದು ಕಾಯುತ್ತಾರೆ. ಅಷ್ಟರಲ್ಲಿ ಕಳೇಬರಕ್ಕೆ ಹುಳ ಬಿದ್ದಿರುತ್ತದೆ. ಕೊಳೆತ ಮಾದರಿಯಲ್ಲಿ ವೈರಾಣು ಸಿಗದೆ ವರದಿ 'ನೆಗೆಟಿವ್' ಎಂದು ಬಂದರೆ, ಕಾಯಿಲೆ ಇಲ್ಲವೆಂದುಕೊಂಡು ಜನ ಕಾಡಿಗೆ ದರಗು (ತರಗೆಲೆ) ಗುಡಿಸಲು ಹೋಗುತ್ತಾರೆ. ಅಂಥ ವರದಿಗೆ 'ಮಾದರಿ ಪರೀಕ್ಷೆಗೆ ಯೋಗ್ಯವಿರಲಿಲ್ಲ' ಎಂಬ ಬೇರೆಯದೇ ಷರಾ ಇರಬೇಕು.

ಮಂಗ ಸತ್ತ ಕೂಡಲೇ ಅದರ ಮೈಮೇಲಿನ ಉಣುಗು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಉಳಿಯುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಎಳ್ಳಿನಷ್ಟೇ ಇರುವ ಮರಿ ಉಣುಗು. ಕಣ್ಣಿಗೆ ಬೀಳುವುದೇ ಕಷ್ಟ. ಆದ್ದರಿಂದ ಮೆಲಾಥಿಯಾನ್ ಕೀಟನಾಶಕ ಪುಡಿ ಹಾಕುವುದಕ್ಕಾಗಲಿ, ಆ ದಾರಿಯಲ್ಲಿ ಓಡಾಟ ನಿಲ್ಲಿಸುವುದಕ್ಕಾಗಲಿ ಲ್ಯಾಬ್ ವರದಿಗೆ ಕಾಯಬಾರದು. ವರದಿ ಬೇಕಾಗುವುದು ಮುಂದಿನ ಕೆಲಸಕ್ಕೆ.

ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಹಾಲಿನ ಡೇರಿಯ ಮುಂದೆ ಒಂದೇ ಒಂದು ಫೋನ್ ನಂಬರ್ ಬರೆದಿರಲಿ. ಕರೆ ಮಾಡಿದವರು ಜಾಗದ ಲೊಕೇಶನ್, ಕಂಡ ದಿನ, ವಾಸನೆ ಬಂದಿದೆಯೋ ಇಲ್ಲವೋ, ಎಷ್ಟು ಮಂಗ ಎಂದು ಹೇಳಿದರೆ ಸಾಕು. ಹೆಸರು ಕೇಳಬೇಡಿ. ಕಾಡುಪ್ರಾಣಿ ಸತ್ತರೆ ತಮ್ಮನ್ನೇ ವಿಚಾರಿಸುತ್ತಾರೆಂಬ ಹೆದರಿಕೆಗೆ ಬಾಯಿ ಮುಚ್ಚಿಕೊಳ್ಳುವವರು ಬಹಳ. ಹತ್ತಿರ ಹೋಗಿ ಮುಟ್ಟುವುದು ಮಾತ್ರ ಬೇಡ: 2012ರಲ್ಲಿ ಬಂಡೀಪುರದಲ್ಲಿ ಕಾಯಿಲೆ ಅಂಟಿದ್ದು ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ.

ಇನ್ನು ಮನುಷ್ಯರ ಜ್ವರ. ಆರೋಗ್ಯ ಉಪಕೇಂದ್ರದಲ್ಲಿ ರೋಗಲಕ್ಷಣ ದಾಖಲಿಸುವ ಎಸ್ ಫಾರ್ಮಿನಲ್ಲಿ ಅದು 'ಬರೀ ಜ್ವರ, 7 ದಿನದೊಳಗೆ' ಎಂಬ ಕಾಲಂನಲ್ಲಿ ಶೀತ-ನೆಗಡಿಯ ಜ್ವರದೊಂದಿಗೆ ಸೇರಿಹೋಗುತ್ತದೆ. ಖಾಸಗಿ ಕ್ಲಿನಿಕ್ಕಿನಲ್ಲಿ 'ವೈರಲ್ ಫೀವರ್' ಎಂದು ಮಾತ್ರೆ ಕೊಟ್ಟು ಕಳಿಸಿದರೆ ಅಷ್ಟೂ ದಾಖಲಾಗುವುದಿಲ್ಲ. ನವೆಂಬರ್‌ನಿಂದ ಮೇ ತನಕ ಎರಡು ಪ್ರಶ್ನೆ ಕಡ್ಡಾಯವಾಗಲಿ: ಕಳೆದ ಹತ್ತು ದಿನದಲ್ಲಿ ಕಾಡಿಗೋ ಬೆಟ್ಟಕ್ಕೋ ಹೋಗಿದ್ದರೇ? ಆಸುಪಾಸಿನಲ್ಲಿ ಮಂಗ ಸತ್ತಿತ್ತೇ? ರಕ್ತದ ಮಾದರಿಯ ಚೀಟಿಯಲ್ಲಿ ಜ್ವರ ಶುರುವಾದ ತಾರೀಖು ಇರಲೇಬೇಕು. ಪಿಸಿಆರ್‌ನಲ್ಲಿ ವೈರಾಣು ಸಿಗುವುದು ಹೆಚ್ಚಾಗಿ ಮೊದಲ ವಾರದಲ್ಲಿ, ಆಮೇಲೆ ರಕ್ತದಲ್ಲಿನ ಪ್ರತಿಕಾಯ ನೋಡುವ ಐಜಿಎಂ ಪರೀಕ್ಷೆ ಬೇಕು. ತಾರೀಖಿಲ್ಲದ ಚೀಟಿಯ ಮೇಲೆ ಬಂದ 'ನೆಗೆಟಿವ್'ಗೆ ಬೆಲೆ ಕಟ್ಟುವುದು ಹೇಗೆ?

ಹೊಸ ಆ್ಯಪ್ ಬೇಡ. ರೋಗಗಳ ವರದಿ ದಾಖಲಿಸುವ ಸರ್ಕಾರಿ ಐಎಚ್‌ಐಪಿ ಪೋರ್ಟಲ್ 2018ರಲ್ಲೇ ಮೊದಲು ಜಾರಿಯಾದ ರಾಜ್ಯಗಳಲ್ಲಿ ನಮ್ಮದೂ ಒಂದು, ಅದರಲ್ಲಿ ಅಸಹಜ ಘಟನೆಯ ಸುದ್ದಿ ಹಾಕುವ 'ಈವೆಂಟ್ ಅಲರ್ಟ್' ಇದೆ. ಮಂಗನ ಸಾವನ್ನು ಅಂದೇ ಅದರಲ್ಲಿ ಹಾಕಿ, ಗಡಿಯಾಚೆಗೂ ಕಾಣುವಂತೆ ಮಾಡಿದರಾಯಿತು. ಸಾಗರ ತಾಲ್ಲೂಕಿನ ಅಂಚಿನಲ್ಲಿ ಮಂಗ ಸತ್ತರೆ ಪಕ್ಕದ ಸಿದ್ದಾಪುರದ ಆಶಾ ಕಾರ್ಯಕರ್ತೆಗೂ ಆ ಸಂಜೆಯೇ ತಿಳಿಯಬೇಕು. ಅವು ಬೇರೆ ಬೇರೆ ಜಿಲ್ಲೆ ಎಂಬುದು ಕಡತದ ಮಾತು.

ಈ ಸಲ ಮಳೆ ಬಿಟ್ಟ ಕೂಡಲೇ ಕಾಡಂಚಿನ ಒಂದು ಪಂಚಾಯಿತಿಯಿಂದ ಅಣಕು ಕರೆ ಮಾಡಿಸಿ, ಐಸ್ ಬಾಕ್ಸ್ ಸ್ಥಳಕ್ಕೆ ಬಂದ ಗಂಟೆ ಬರೆದಿಟ್ಟುಕೊಳ್ಳಲಿ. ಬೆಳಗಿನ ಕರೆಗೆ ಸಂಜೆಯಾದರೆ, ಬಾಕ್ಸನ್ನು ತಾಲ್ಲೂಕು ಕೇಂದ್ರದಿಂದ ತಂದು ಹತ್ತಿರದ ಪಶು ಚಿಕಿತ್ಸಾಲಯದಲ್ಲಿ ಇಡಬೇಕು.

— ಆರೋಗ್ಯ ಮತ್ತು ಪಶುವೈದ್ಯ ಕ್ಷೇತ್ರದ ಕೆಲವು ನಿವೃತ್ತ ಸಿಬ್ಬಂದಿ, ಸಾಗರ