ಸರ್ವೆ ನಂಬರ್ ಹಿಡಿದು ಹೊರಡು

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆತನದ ಮೂಲ ಹುಡುಕುತ್ತಿದ್ದೇನೆ ಅಂತ ಬರೆದಿದ್ದೀಯ. ಸಂತೋಷ. ಆದರೆ ಬೆಡಗಿನ, ಅಂದರೆ ಕುಲದೊಳಗಿನ ಬಳಿಯ, ಹೆಸರು ಹಿಡಿದು ಶುರು ಮಾಡಿದ್ದೀಯಲ್ಲ, ಅದನ್ನು ಸದ್ಯಕ್ಕೆ ಪಕ್ಕಕ್ಕಿಡು. ಒಂದೇ ಬೆಡಗು, ಒಂದೇ ಮನೆದೇವರು ನೂರಾರು ಮನೆಗಳಿಗೆ ಇರುತ್ತದೆ. ಹೆಣ್ಣು ಕೊಟ್ಟು ತರುವಾಗ ಅದು ಬೇಕು. ಯಾರು ಯಾರ ಮಗ ಅಂತ ಅದು ಹೇಳುವುದಿಲ್ಲ. ನಮ್ಮಂಥ ಬೇಸಾಯದ ಮನೆಗೆ ಜಮೀನೇ ಗಟ್ಟಿ ಆಧಾರ.

ಊರಿನ ಹೊಲದ ಪಹಣಿಯನ್ನು ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಿನಲ್ಲಿ ತೆಗೆ. ಕಲಂ 9ರಲ್ಲಿ ಖಾತೆದಾರನ ಹೆಸರು, ತಂದೆಯ ಹೆಸರು ಇರುತ್ತದೆ. ಎಲ್ಲರೂ ಅಷ್ಟು ಓದಿ ಬಿಡುತ್ತಾರೆ. ನಿನಗೆ ಬೇಕಾದದ್ದು ಅದರ ಪಕ್ಕದ ಕಲಂ 10: ಜಮೀನು ಹೇಗೆ ಬಂತು ಅನ್ನುವುದು, ಜೊತೆಗೆ ಒಂದು ಎಂ.ಆರ್. ನಂಬರು, ಅಂದರೆ ಖಾತೆ ಬದಲಾವಣೆಯ (ಮ್ಯುಟೇಶನ್) ರಿಜಿಸ್ಟರಿನ ನಂಬರು. ಆ ನಂಬರು, ವರ್ಷ, ಗ್ರಾಮ, ಹೋಬಳಿ ಬರೆದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಹಾಕು. ಎಂ.ಆರ್. ಪ್ರತಿಯಲ್ಲಿ ಹಿಂದಿನ ಖಾತೆದಾರ ಸಿಗುತ್ತಾನೆ. ಅವನ ಹೆಸರಿಗೆ ಹೇಗೆ ಬಂತು ಅಂತ ನೋಡಿ ಇನ್ನೂ ಹಿಂದಿನ ಕೈಬರಹದ ಪಹಣಿ ಕೇಳು. ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗು, ನಡುವೆ ಹಾರಬೇಡ.

ಎಂ.ಆರ್.ನಲ್ಲಿ 'ಪೌತಿ' ಅಂತಿದ್ದರೆ ನಿನ್ನ ಅದೃಷ್ಟ. ಖಾತೆದಾರ ತೀರಿಕೊಂಡು ವಾರಸುದಾರರಿಗೆ ಖಾತೆಯಾದದ್ದು ಅದು. ಕಡತದಲ್ಲಿ ವಂಶವೃಕ್ಷವೂ ಇರುವ ಸಂಭವ ಹೆಚ್ಚು. ಆದರೆ ಪೌತಿಯ ತಾರೀಖನ್ನೇ ಸಾವಿನ ತಾರೀಖು ಅಂತ ಬರೆದುಕೊಳ್ಳಬೇಡ. ಸಾಲ ತೆಗೆಯುವಾಗಲೋ ಮಾರುವಾಗಲೋ ಮಾತ್ರ ನಮ್ಮವರಿಗೆ ಖಾತೆಯ ನೆನಪಾಗುವುದು, ಅಷ್ಟರಲ್ಲಿ ಸತ್ತು ಇಪ್ಪತ್ತು ಮೂವತ್ತು ವರ್ಷ ಆಗಿರುತ್ತದೆ. ಹೆಣ್ಣುಮಕ್ಕಳ ಹೆಸರಂತೂ ಹಳೆಯ ಪಟ್ಟಿಗಳಲ್ಲಿ ಬಿಟ್ಟುಹೋಗಿರುವುದೇ ಹೆಚ್ಚು. 1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಬಂದಮೇಲೆ ಪಿತ್ರಾರ್ಜಿತದಲ್ಲಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ನಾಲ್ಕು ಗಂಡುಮಕ್ಕಳ ಹೆಸರಷ್ಟೇ ಇದ್ದರೆ ಆ ಮನೆಯಲ್ಲಿ ಹೆಣ್ಣು ಹುಟ್ಟಿರಲಿಲ್ಲ ಅಂತಲ್ಲ.

ಸರ್ವೆ ನಂಬರನ್ನು ಒಡೆದಾಗ ಬರುವ ಹಿಸ್ಸಾ ನಂಬರುಗಳನ್ನೂ ಗಮನಿಸು. 45 ಇದ್ದದ್ದು 45/1, 45/2 ಆಗಿದ್ದರೆ ಬಹಳಷ್ಟು ಸಲ ಅದು ಅಣ್ಣತಮ್ಮಂದಿರ ಪಾಲು. ಮಾರಾಟಕ್ಕೂ ಪೋಡಿ, ಅಂದರೆ ಹೀಗೆ ಅಳೆದು ಒಡೆಯುವುದು, ಆಗುತ್ತದೆ, ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ ನೋಂದಣಿಯಾಗಿದೆಯೋ ನೋಡು. ಸಿಕ್ಕರೆ ಪಾಲುದಾರರ ಹೆಸರು, ವಯಸ್ಸು, ವಾಸದ ಊರು ಒಂದೇ ಕಾಗದದಲ್ಲಿ ಬಂದಂತೆ. ಬಾಯಿಮಾತಿನ ಪಾಲಾಗಿದ್ದರೆ ಅದೂ ಇರುವುದಿಲ್ಲ.

ಹಿಂದೆ ಹೋಗುತ್ತಾ 1970ರ ದಶಕದಲ್ಲಿ ನಮ್ಮವರ ಹೆಸರು ತಟ್ಟನೆ ನಿಂತು ಬೇರೆ ಯಾರದೋ ಹೆಸರು ಬಂದರೆ ಗಾಬರಿಯಾಗಬೇಡ. ಅಲ್ಲಿ ನಮ್ಮವರು ಗೇಣಿದಾರರಾಗಿರಬಹುದು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ಜಮೀನಿನ ಹಕ್ಕು ಕೋರಿ ಕೊಟ್ಟ ಅರ್ಜಿ, ಅಂದರೆ ಫಾರಂ 7, ಮತ್ತು ಭೂನ್ಯಾಯ ಮಂಡಳಿಯ ಕಡತ ಹುಡುಕು. ಜಮೀನು ಎಷ್ಟು ಕಾಲದಿಂದ ಯಾರ ಸಾಗುವಳಿಯಲ್ಲಿತ್ತು ಅನ್ನುವ ಹೇಳಿಕೆಗಳು ಅಲ್ಲಿ ಸಿಗುತ್ತವೆ. ಕಡಿಮೆ ಕಂದಾಯಕ್ಕೆ ಇನಾಂ ಕೊಟ್ಟ ಜೋಡಿ ಗ್ರಾಮವಾಗಿದ್ದರೆ ಇನಾಂ ರದ್ದತಿಯ ಕಡತ ಕೇಳು.

ಇನ್ನು ಹೆಸರಿನ ತೊಡಕು. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು. ಬಸಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಸಿದ್ದಪ್ಪ. 'ಸಿದ್ದಪ್ಪ ಬಿನ್ ಬಸಪ್ಪ' ಅಂತ ಎರಡು ಕಾಗದ ಸಿಕ್ಕಿ ನಡುವೆ ಅರವತ್ತು ವರ್ಷ ಅಂತರವಿದ್ದರೆ ಅವರು ತಾತ ಮೊಮ್ಮಗ ಆಗಿರುವುದು ಖಂಡಿತ ಸಾಧ್ಯ. ಇಬ್ಬರನ್ನು ಒಬ್ಬನನ್ನಾಗಿ ಮಾಡಿದರೆ ಎರಡು ತಲೆಮಾರು ಮಾಯ. ಹೆಸರು, ತಂದೆಯ ಹೆಸರು, ಸರ್ವೆ ನಂಬರು ಮೂರೂ ಕೂಡಿ, ವಯಸ್ಸಿನ ಲೆಕ್ಕವೂ ಸರಿಹೋದರೆ ಮಾತ್ರ ಮರದಲ್ಲಿ ಶಾಯಿಯಿಂದ ಬರೆ. ಉಳಿದದ್ದೆಲ್ಲ ಪೆನ್ಸಿಲ್ಲು. ಶಾಲೆಯ ದಾಖಲಾತಿಯ ಜನ್ಮದಿನವೂ ಪೆನ್ಸಿಲ್ಲೇ, ಅದನ್ನು ಮೇಷ್ಟ್ರು ಅಂದಾಜಿನಲ್ಲಿ ಹಾಕಿಕೊಂಡ ಕಾಲ ಅದು.

ಹಳೆಯ ಪತ್ರಗಳಲ್ಲಿ ಇಸವಿ ಇರದೆ ಬರೀ ಸಂವತ್ಸರ ಇರಬಹುದು. ವಿಳಂಬಿ ಅಂದರೆ 1898ರಲ್ಲಿ ಶುರುವಾದದ್ದೂ ಆಗಬಹುದು, 1958ರದ್ದೂ ಆಗಬಹುದು. ಅರವತ್ತು ವರ್ಷಕ್ಕೆ ಹೆಸರು ಮರಳುತ್ತದೆ. ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸು, ಮಾಘ ಫಾಲ್ಗುಣವಾದರೆ 79. ಕೆಲವರು ನಡೆಯುತ್ತಿರುವ ವರ್ಷವನ್ನು, ಕೆಲವರು ಕಳೆದ ವರ್ಷವನ್ನು ಎಣಿಸಿ ಬರೆಯುತ್ತಿದ್ದರಿಂದ ಒಂದು ವರ್ಷ ಹಿಂದುಮುಂದಾಗಬಹುದು. ಸಂವತ್ಸರದ ಹೆಸರಿನ ಜೊತೆ ತಾಳೆ ನೋಡಿದರೆ ಅದು ಬಗೆಹರಿಯುತ್ತದೆ.

ಹೆಳವರು ಬರುವ ಸುದ್ದಿ ತಿಳಿದರೆ ರಜೆ ಹಾಕಿಯಾದರೂ ಊರಿಗೆ ಬಾ. ವಂಶಾವಳಿ ಹೇಳುವುದೇ ಅವರ ಕಸುಬು. ದವಸ, ಕಾಣಿಕೆ ಕೊಟ್ಟು, ನಡುವೆ ಬಾಯಿ ಹಾಕದೆ ಪೂರ್ತಿ ಓದಿಸು. ಒಪ್ಪಿಗೆ ಕೇಳಿ ಪುಸ್ತಕದ ಫೋಟೋ ತೆಗೆ. ಈಚಿನ ತಲೆಮಾರುಗಳನ್ನು ಪಹಣಿಗೆ ಹೋಲಿಸಿ ನೋಡು. ತುದಿಯಲ್ಲಿ ಬರುವ ಮೂಲಪುರುಷನ ಕಥೆಯನ್ನು ಕಥೆಯೆಂದೇ ಬರೆದಿಡು, ಮರಕ್ಕೆ ಅಂಟಿಸಬೇಡ.

ಹಿರಿಯರನ್ನು ಕೇಳುವಾಗ ಮದುವೆಯಾಗಿ ಹೋದ ಅತ್ತೆಯಂದಿರಿಂದ ಶುರು ಮಾಡು. ನೆಂಟಸ್ತನದ ಲೆಕ್ಕ ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಯಾವ ವರ್ಷ ಅಂತ ಕೇಳಬೇಡ. ಗಾಂಧಿ ತೀರಿಕೊಂಡಾಗ ಈ ಮಗು ಹುಟ್ಟಿತ್ತೋ, ನಡೆಯುತ್ತಿತ್ತೋ ಅಂತ ಕೇಳು. ಹೇಳಿದವರ ಹೆಸರು, ಹೇಳಿದ ದಿನ ಪಕ್ಕದಲ್ಲೇ ಬರೆದಿಡು.

ನಿಮ್ಮಮ್ಮನ ತವರು ಧಾರವಾಡದ ಕಡೆಯದು, ಅಲ್ಲಿ ದಾರಿ ಬೇರೆ. 1956ರವರೆಗೆ ಅದು ಮುಂಬಯಿ ಆಡಳಿತಕ್ಕೆ ಸೇರಿತ್ತು. ಪಹಣಿಗೆ ಉತಾರ ಅನ್ನುತ್ತಾರೆ, ಊರಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಗಳ ಹಳೆಯ ದಫ್ತರಗಳು ಬಹಳಷ್ಟು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿರುತ್ತವೆ. ಈಗಿನ ಮರಾಠಿ ಓದಬಲ್ಲವರಿಗೂ ಅದು ಬರುವುದಿಲ್ಲ. ಕಾಗದ ಸಿಕ್ಕ ಕೂಡಲೇ ಎರಡೂ ಬದಿ ಸ್ಕ್ಯಾನ್ ಮಾಡಿ, ಮೋಡಿ ಕಲಿತವರ ಕೈಲಿ ಮೊದಲು ಊರು, ಹೆಸರುಗಳನ್ನಷ್ಟೇ ಓದಿಸಿಕೋ. ನಿನಗೆ ಸಂಬಂಧಪಟ್ಟದ್ದು ಅಂತ ಖಾತ್ರಿಯಾದಮೇಲೆ ಪೂರ್ತಿ ಬರೆಸಿಕೊಳ್ಳಲು ದುಡ್ಡು ಕೊಡು.

ಇಂತಿ,
ನಿನ್ನ ದೊಡ್ಡಪ್ಪ