ಮಗಳಿಗೊಂದು ಪತ್ರ: ಹಿಜ್ಕೀಯ ಒಡೆದ ತಾಮ್ರದ ಹಾವು

ಬೆಂಗಳೂರು

ಪ್ರೀತಿಯ ಮಗಳೇ,

ಆಫೀಸಿನ ಆಯುಧಪೂಜೆಯಲ್ಲಿ ಲ್ಯಾಪ್‌ಟಾಪಿಗೆ ಕುಂಕುಮ ಇಡುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಕೈ ಮುಗಿಯಬೇಡ, ಮುಖವನ್ನೂ ಸಿಂಡರಿಸಬೇಡ. ಅಪೊಸ್ತಲ ಪೌಲ, ಅರ್ತೆಮಿ ದೇವಿಯ ಗುಡಿಯಿದ್ದ ಎಫೆಸ ಪಟ್ಟಣದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬೋಧಿಸಿದ. ಗಲಭೆ ಎದ್ದಾಗ ಅಲ್ಲಿನ ಅಧಿಕಾರಿಯೇ, ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಎಂದು ಜನರಿಗೆ ಹೇಳಿದ (ಅಪೊಸ್ತಲರ ಕೃತ್ಯಗಳು 19:37). ಪ್ರಸಾದ ಅಂತ ಹೇಳಿಯೇ ಕೊಟ್ಟರೆ ನಗುತ್ತಾ ಬೇಡ ಅನ್ನು. ಸುಮ್ಮನೆ ಸ್ವೀಟು ಹಂಚಿದರೆ ಎಲ್ಲಿಂದ ಬಂತು ಅಂತ ಕೆದಕಬೇಡ. 1 ಕೊರಿಂಥ 10:27-28 ಹೇಳುವುದೂ ಇಷ್ಟೇ.

ನನಗೆ ಚಿಂತೆ ಇರುವುದು ಬೇರೆ ಕಡೆ, ಕಂದ. ವಿಗ್ರಹ ಹುಟ್ಟುವುದು ಹೆಚ್ಚಾಗಿ ದೇವರೇ ಕೊಟ್ಟ ಒಳ್ಳೆಯದರಿಂದ. ಮೋಶೆಯ ಅಣ್ಣ ಆರೋನ ಚಿನ್ನದ ಕರುವನ್ನು ಮಾಡಿಟ್ಟು ‘ನಾಳೆ ಯೆಹೋವನಿಗೆ ಹಬ್ಬ’ ಎಂದು ಸಾರಿದ, ಹೊಸ ದೇವರ ಹೆಸರು ಹೇಳಲಿಲ್ಲ (ವಿಮೋಚನಕಾಂಡ 32:5). ಇಸ್ರಾಯೇಲರ ನಾಯಕ ಗಿದ್ಯೋನ ಅರಸನಾಗಲು ಒಪ್ಪದೆ, ಜನರಿಂದ 1700 ಶೆಕೆಲ್ ಚಿನ್ನ ಕೇಳಿ ಪಡೆದು (ಸುಮಾರು 19 ಕೆ.ಜಿ.) ಏಫೋದು (ಯಾಜಕರು ತೊಡುವಂಥ ಉಡುಪು) ಮಾಡಿಸಿದ. ಜನ ಅದನ್ನೇ ಪೂಜಿಸತೊಡಗಿದರು, ಅದೇ ಅವನ ಮನೆಗೆ ಉರುಲಾಯಿತು. ತಾಮ್ರದ ಹಾವನ್ನಂತೂ ಮೋಶೆ ಮಾಡಿದ್ದು ದೇವರ ಅಪ್ಪಣೆಯಿಂದಲೇ. ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ಶತಮಾನಗಳಾದ ಮೇಲೆ ಜನ ಅದಕ್ಕೆ ಧೂಪ ಹಾಕುತ್ತಿದ್ದರು. ಅರಸ ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿಸಿದ (2 ಅರಸುಗಳು 18:4). ಮೋಶೆಯ ಕೈಯದ್ದನ್ನು ಒಡೆಯಲು ಎಂಥ ಎದೆಗಾರಿಕೆ ಬೇಕಿತ್ತು, ಯೋಚಿಸು.

ಈ ಊರಲ್ಲಿ ನಮ್ಮ ತಾಮ್ರದ ಹಾವು ಯಾವುದು? ಅಭಿಷೇಕದ ಎಣ್ಣೆಯ ಸೀಸೆ ತಲೆದಿಂಬಿನ ಕೆಳಗಿದ್ದರೇ ನಿದ್ದೆ ಬರುವುದು. ಬೈಬಲ್ ತೆರೆಯುವ ಮೊದಲೇ ಪಾಸ್ಟರಿಗೆ ಫೋನ್ ಮಾಡುವುದು. ಸೈಟು, ಫ್ಲ್ಯಾಟಿನ ಇಎಂಐ, ಅಪ್ರೈಸಲ್. ಲೋಭವೇ ವಿಗ್ರಹಾರಾಧನೆ ಎಂದು ಕೊಲೊಸ್ಸೆ 3:5 ನೇರವಾಗಿ ಹೇಳುತ್ತದೆ. ಅದನ್ನು ಉಪಮೆ ಅಂತ ತಳ್ಳಿಹಾಕಬೇಡ.

ಪತ್ತೆ ಹಚ್ಚುವುದಕ್ಕೆ ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಯುಪಿಐ ಖರ್ಚು, ಫೋನಿನ ಸ್ಕ್ರೀನ್ ಟೈಮ್ ಮುಂದಿಟ್ಟುಕೊಂಡು ಕೂರು. ಏನು ಕೈತಪ್ಪಿದರೆ ಬದುಕೇ ಬೇಡ ಅನ್ನಿಸುತ್ತದೆ? ಯಾವುದನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತೀಯ? ಎರಡಕ್ಕೂ ಒಂದೇ ಉತ್ತರ ಬಂದರೆ ಅಲ್ಲಿಂದ ಶುರು ಮಾಡು. ಒಂದನ್ನೇ ಹಿಡಿ. ಹಣವಾದರೆ, ಸಂಬಳ ಬಂದ ದಿನವೇ, ಬಾಡಿಗೆಗೂ ಮೊದಲು, ಕಾಣಿಕೆಯನ್ನು ತೆಗೆದಿಡು; ತಿಂಗಳ ಕೊನೆಗೆ ಅಂದರೆ ಏನೂ ಉಳಿದಿರುವುದಿಲ್ಲ. ಫೋನಾದರೆ ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕು, ಅಲಾರಾಂಗೆ ಬೇರೆ ಗಡಿಯಾರ ಕೊಂಡುಕೋ.

ಹೆಚ್ಚಿನವರು ಎಡವುವುದು ಇಲ್ಲಿ: ತೆಗೆದುಹಾಕುತ್ತಾರೆ, ಆ ಜಾಗಕ್ಕೆ ಏನೂ ತರುವುದಿಲ್ಲ. ಬಿಟ್ಟುಹೋಗಿದ್ದ ದೆವ್ವ, ಗುಡಿಸಿ ಬರಿದಾಗಿಟ್ಟ ಮನೆಗೆ ಇನ್ನೂ ಏಳನ್ನು ಕರೆದುಕೊಂಡು ಮರಳಿ ಬಂತು ಎಂದು ಯೇಸು ಹೇಳಿದ್ದು ಇದನ್ನೇ (ಮತ್ತಾಯ 12:43-45). ಫೋನ್ ಬಿಟ್ಟ ಆ ಅರ್ಧ ಗಂಟೆಗೆ ಒಂದು ಕೀರ್ತನೆ ಓದು, ಗಟ್ಟಿಯಾಗಿ. ಉಪವಾಸ ಹಿಡಿದರೆ ಉಳಿದ ಊಟದ ದುಡ್ಡನ್ನು ಹಸಿದವರಿಗೆ ಕೊಡು, ಯಾರಿಗೂ ಹೇಳಬೇಡ. ಹೇಳಿಕೊಂಡರೆ ಉಪವಾಸವೇ ಹೊಸ ಕರುವಾಗುತ್ತದೆ.

ಭಾನುವಾರ ಆರಾಧನೆ ಮುಗಿಸಿ ಮನೆಗೆ ಬಾ. ಸ್ಟೇಟ್‌ಮೆಂಟೂ ತಾ, ನನ್ನದೂ ತೆಗೆದಿಡುತ್ತೇನೆ, ಒಟ್ಟಿಗೆ ನೋಡೋಣ.

ನಿನ್ನ ಅಮ್ಮ